ಹೊಸ ಫ್ಲ್ಯಾಟ್ ಕೊಳ್ಳಲು ನಮ್ಮದೇ ವಕೀಲರು, ಎಂಜಿನಿಯರ್ ಬೇಕೇ?

ಪರ

‘ಬ್ಯಾಂಕ್ ಸಾಲ ಮಂಜೂರಾಗಿದೆ, ಇನ್ನೇನು ನೋಡುವುದು?’ ಬೆಂಗಳೂರಿನಲ್ಲಿ ಮನೆ ಕೊಳ್ಳುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯೇ ಎಂದು. ಅವರ ವರದಿ ಸೇರುವುದೂ ಬ್ಯಾಂಕಿನ ಕಡತಕ್ಕೇ.

ಋಣಭಾರ ಪ್ರಮಾಣಪತ್ರ (ಇಸಿ) ಶುದ್ಧವಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು. ಕ್ರಯಪತ್ರಕ್ಕೆ ಸಹಿ ಹಾಕದೇ ಉಳಿದ, ಹಿಂದಿನ ಮಾಲೀಕರ ಮಗಳೊಬ್ಬಳ ಪಾಲಿನ ಹಕ್ಕು ಅಲ್ಲಿ ಕಾಣುವುದಿಲ್ಲ. ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಇದನ್ನು ಹಿಡಿಯಲು ಮೂಲಪತ್ರದಿಂದ ಇಂದಿನವರೆಗೆ ಒಂದೊಂದೇ ಕೊಂಡಿಯನ್ನು ಓದುವ ಕಣ್ಣು ಬೇಕು. ಕೊಳ್ಳುವವರನ್ನು ಕಾಯಲು ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಇದೆಯಲ್ಲ ಎನ್ನುತ್ತೀರಾ? ನಲವತ್ತು-ಅರವತ್ತು ಅಡಿಯ ನಿವೇಶನದಲ್ಲಿ ಏಳುವ ಆರು ಮನೆಗಳ ಕಟ್ಟಡಕ್ಕೆ ರೇರಾ ನೋಂದಣಿಯೇ ಕಡ್ಡಾಯವಲ್ಲ.

ಇನ್ನು ಕಟ್ಟಡದ ಮಾತು. ನಮ್ಮ ಮನೆಗೆ ಬಂದ ಎಂಜಿನಿಯರ್ ನೆಲದ ಟೈಲ್ಸ್‌ಗಳನ್ನು ನಾಣ್ಯದಿಂದ ಒಂದೊಂದಾಗಿ ಬಡಿದರು. ಅಡುಗೆಮನೆಯಲ್ಲಿ ನಾಲ್ಕು ಟೊಳ್ಳು ಸದ್ದು ಮಾಡಿದವು. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದರೆ ಅದು ಜಾಲರಿಯ ಕಡೆಗೆ ಹೋಗದೆ ಹೊಸ್ತಿಲಿಗೆ ಹರಿದು ಬಂತು. ಕೀಲಿ ಪಡೆಯುವ ಮೊದಲೇ ಹೇಳಿದ್ದರಿಂದ ಬಿಲ್ಡರ್ ನೆಲ ಕಿತ್ತು ಮತ್ತೆ ಹಾಕಿಸಿಕೊಟ್ಟರು.

ವಿರೋಧ

ಉಳಿತಾಯವನ್ನೆಲ್ಲ ಮುಂಗಡಕ್ಕೆ ಸುರಿದು, ಮುದ್ರಾಂಕ ಶುಲ್ಕಕ್ಕೆ ಒಡವೆ ಅಡವಿಡುವ ಕುಟುಂಬಕ್ಕೆ ಇನ್ನೂ ಎರಡು ಖರ್ಚು ಹೇರುವುದು ನನಗೆ ಸರಿ ಕಾಣುವುದಿಲ್ಲ. ವಕೀಲರು ತಪ್ಪು ಹುಡುಕಿದರೂ ದೊಡ್ಡ ಬಿಲ್ಡರ್‌ಗಳು ತಮ್ಮ ಅಚ್ಚಾದ ಕರಾರಿನ ಒಂದು ಸಾಲನ್ನೂ ತಿದ್ದುವುದಿಲ್ಲ. ಗಿಲಾವು, ಬಣ್ಣ ಮುಗಿದ ಮೇಲೆ ಒಳಗಿನ ಕಬ್ಬಿಣ ಎಂಜಿನಿಯರ್ ಕಣ್ಣಿಗೂ ಕಾಣುವುದಿಲ್ಲ. ಸೋರಿಕೆ ತಿಳಿಯುವುದು ಮೊದಲ ಮಳೆಗಾಲದಲ್ಲಿ.

ಅದಕ್ಕೆಂದೇ 2016ರ ರೇರಾ ಕಾಯ್ದೆ ಹೊಣೆಯನ್ನು ಕಟ್ಟಿದವರ ಮೇಲೆ ಹೊರಿಸಿದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡುಬಂದು ತಿಳಿಸಿದರೆ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಜಮೀನಿನ ಹಕ್ಕಿನಲ್ಲೇ ದೋಷವಿದ್ದು ನಷ್ಟವಾದರೆ ಪರಿಹಾರ ಕೇಳಲು ಕಾಲಮಿತಿಯೂ ಇಲ್ಲ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಯೋಜನೆಯ ದಾಖಲೆಗಳು ರೇರಾ ಜಾಲತಾಣದಲ್ಲಿವೆ, ಋಣಭಾರ ಪತ್ರ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತದೆ. ಓದು ಬಲ್ಲ ಯಾರೂ ಕುಳಿತು ನೋಡಬಹುದು. ರೇರಾಕ್ಕೆ ಸೇರದ ಸಣ್ಣ ಕಟ್ಟಡವಾದರೆ ಮಾತ್ರ ವಕೀಲರನ್ನು ಕಾಣಿ, ಅಷ್ಟನ್ನು ಒಪ್ಪುತ್ತೇನೆ.

ಬಿಡದೆ ಕೇಳಬೇಕಾದದ್ದು ಕಟ್ಟಡ ವಾಸಕ್ಕೆ ಸಿದ್ಧವೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ, ಜನ ಓಸಿ ಎನ್ನುವುದು. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊನೆಯ ಕಂತು ಕೊಡುವ ಮುನ್ನ ಆ ಪತ್ರವನ್ನು ಕೇಳಿ ಪಡೆಯುವುದು ಕೊಳ್ಳುವವರೇ ಮಾಡಬಹುದಾದ ಕೆಲಸ.