ಮಂಡಗದ್ದೆ ದಾಟುವವರೆಗೂ ಯಾರೂ ಮಾತನಾಡಲಿಲ್ಲ

ನಮ್ಮ ಫುಟ್‌ಬಾಲ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊನ್ನೆ ಮತ್ತೆ ಅದೇ ಮಾತು ಎದ್ದಿತು. "ಅವತ್ತು ಅವನ ಕೈಗೆ ಚೆಂಡು ತಾಗದೇ ಇದ್ದಿದ್ದರೆ ಕಪ್ ಬೆಂಗಳೂರಿಗೆ ಬರುತ್ತಿತ್ತು." ಆ ಸೋಲಿಗೆ ಇಷ್ಟು ದಿನವಾದರೂ ಸಿಟ್ಟು ಆರಿಲ್ಲ. ಗುಂಪಿನಲ್ಲಿ ಉತ್ತರ ಬರೆಯಲು ಹೊರಟೆ, ಉದ್ದವಾಯಿತು, ಇಲ್ಲಿ ಹಾಕುತ್ತಿದ್ದೇನೆ.

2025ರ ಏಪ್ರಿಲ್ 12. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್, ನಮ್ಮ ಬೆಂಗಳೂರು ಎಫ್‌ಸಿಗೆ ಎದುರಾಳಿ ಮೋಹನ್ ಬಾಗಾನ್. ವಿನೋಬನಗರದ ಗೆಳೆಯನ ಮನೆಯ ಮಹಡಿಯಲ್ಲಿ ನಾವು ಒಂಬತ್ತು ಜನ ಸೇರಿದ್ದೆವು. 49ನೇ ನಿಮಿಷದಲ್ಲಿ ಅವರದೇ ಆಟಗಾರ ಆಲ್ಬರ್ಟೋ ರೊಡ್ರಿಗಸ್ ಚೆಂಡನ್ನು ತಮ್ಮ ಬಲೆಗೇ ಸೇರಿಸಿದಾಗ ನಾವು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಹೊರಗೆ ಬಂದು ನೋಡಿದರು. 72ನೇ ನಿಮಿಷದಲ್ಲಿ ನಮ್ಮ ರಕ್ಷಣಾ ಆಟಗಾರ ಚಿಂಗ್ಲೆನ್‌ಸನಾ ಸಿಂಗ್ ಕೈಗೆ ಚೆಂಡು ತಾಗಿತು. ಪೆನಾಲ್ಟಿ. ಜೇಸನ್ ಕಮಿಂಗ್ಸ್ ಗೋಲು ಹೊಡೆದ. ಹೆಚ್ಚುವರಿ ಅವಧಿ ಶುರುವಾಗುವ ಹೊತ್ತಿಗೆ ಕರೆಂಟ್ ಹೋಯಿತು. 96ನೇ ನಿಮಿಷದಲ್ಲಿ ಜೇಮಿ ಮೆಕ್‌ಲಾರೆನ್ ಹೊಡೆದ ಗೋಲನ್ನು ಕತ್ತಲಲ್ಲಿ ಒಂದು ಮೊಬೈಲ್ ಸುತ್ತ ತಲೆ ಸೇರಿಸಿ ನೋಡಿದೆವು. 2-1.

ಆಮೇಲಿನ ಒಂದು ಗಂಟೆ ನಡೆದದ್ದು ಪೂರ್ತಿ ಬೈಗುಳ. ರೆಫರಿಯಿಂದ ಶುರುವಾಗಿ ಕೋಚ್ ಮೇಲೆ ಹರಿದು ಕೊನೆಗೆ ಎಲ್ಲವೂ ಹೋಗಿ ನಿಂತದ್ದು ಆ ಒಂದು ಕೈಯ ಮೇಲೆ. ನಾನೂ ಬೈದೆ. ಗುಂಪಿನಲ್ಲಿ ಮೂರು ಸಾಲು ಬರೆದೆ, ಅದನ್ನು ಇಲ್ಲಿ ಮತ್ತೆ ಬರೆಯಲಾರೆ.

ನಾವು ಅಡಿಕೆ ತೋಟದ ಮನೆಯವರು. ಕೊಳೆ ರೋಗ ಬಂದು ಮರದ ಬುಡದಲ್ಲೆಲ್ಲ ಕಾಯಿ ಉದುರಿ ಬಿದ್ದ ವರ್ಷ ನನ್ನ ಅಪ್ಪ ಬಿದ್ದ ಕಾಯಿಯನ್ನು ಬೈಯುತ್ತಿರಲಿಲ್ಲ. ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆದದ್ದು ಎಂದು, ಎರಡನೆಯ ಸಲ ಹೊಡೆಯುವುದಕ್ಕೆ ನಲವತ್ತೈದು ದಿನ ದಾಟಿ ಹೋಯಿತೇ, ಬಸಿಗಾಲುವೆಯಲ್ಲಿ ನೀರು ನಿಂತಿತ್ತೇ ಎಂದು ಹಿಂದಕ್ಕೆ ಹಿಂದಕ್ಕೆ ಲೆಕ್ಕ ಹಾಕುತ್ತಿದ್ದರು. ಆಗಸ್ಟಿನಲ್ಲಿ ಉದುರುವ ಕಾಯಿಯ ಕಾರಣ ಮೇ ತಿಂಗಳಲ್ಲಿ ಇರುತ್ತದೆ ಎಂಬುದು ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಫುಟ್‌ಬಾಲ್ ನೋಡುವಾಗ ಮಾತ್ರ ನಾವು ಇದನ್ನು ಏಕೆ ಮರೆಯುತ್ತೇವೆ?

ಅಪ್ಪನ ರೀತಿಯಲ್ಲೇ ಲೆಕ್ಕ ಹಾಕಿ ನೋಡಿದೆ. ಬೆಂಗಳೂರು ಎಫ್‌ಸಿ ಮೂರು ಐಎಸ್‌ಎಲ್ ಫೈನಲ್‌ಗಳಲ್ಲಿ ಸೋತಿದೆ. 2018ರಲ್ಲಿ ನಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್ ಎದುರು 3-2. ಛೆಟ್ರಿ 9ನೇ ನಿಮಿಷದಲ್ಲೇ ಮುನ್ನಡೆ ಕೊಟ್ಟಿದ್ದರು, ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ತಲೆ ಕೊಟ್ಟು ಎರಡು ಗೋಲು ಹೊಡೆದ. 2023ರಲ್ಲಿ ಗೋವಾದ ಫತೋರ್ಡಾದಲ್ಲಿ ಇದೇ ಬಾಗಾನ್ ಎದುರು 2-2, ಅವರ ಎರಡೂ ಗೋಲು ಪೆನಾಲ್ಟಿಯಿಂದ, ಆಮೇಲೆ ಶೂಟೌಟ್‌ನಲ್ಲಿ ಸೋಲು. 2025ರಲ್ಲಿ ಮತ್ತೊಂದು ಪೆನಾಲ್ಟಿ. ಶೂಟೌಟ್ ಬಿಟ್ಟರೆ ಮೂರು ಫೈನಲ್‌ಗಳಲ್ಲಿ ನಾವು ಬಿಟ್ಟುಕೊಟ್ಟದ್ದು ಏಳು ಗೋಲು. ಅದರಲ್ಲಿ ಐದು ಬಂದದ್ದು ಕಾರ್ನರ್ ಮತ್ತು ಪೆನಾಲ್ಟಿಗಳಿಂದ. ಮೂರು ಸಲವೂ ಕೋಚ್ ಬೇರೆ: ಆಲ್ಬರ್ಟ್ ರೋಕಾ, ಸೈಮನ್ ಗ್ರೇಸನ್, ಜೆರಾರ್ಡ್ ಝರಗೋಝಾ. ಮೊದಲ ಎರಡು ಫೈನಲ್‌ಗಳಲ್ಲಿ ಚಿಂಗ್ಲೆನ್‌ಸನಾ ನಮ್ಮ ತಂಡದಲ್ಲೇ ಇರಲಿಲ್ಲ. ನಮ್ಮ ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ಚೆಂಡು ಬಂದಾಗಲೆಲ್ಲ ಗಾಬರಿಯಾಗುವ ಈ ರೋಗ ಆತನಿಗಿಂತ ಹಳೆಯದು. ನಾವು ಗೆದ್ದ ಒಂದೇ ಐಎಸ್‌ಎಲ್ ಫೈನಲ್, 2019ರದ್ದು, ಅದೂ 117ನೇ ನಿಮಿಷದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟದ್ದರಿಂದ ಎಂಬುದನ್ನು ಮರೆಯಬೇಡಿ. ಇಂಥ ಚೆಂಡು ಎಷ್ಟು ಬೆಲೆ ಬಾಳುತ್ತದೆ ಎಂದು ಈ ತಂಡಕ್ಕೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಮಾತು, ಇದನ್ನು ಗುಂಪಿನಲ್ಲಿ ಯಾರೂ ಎತ್ತುವುದಿಲ್ಲ. ಕೋಲ್ಕತ್ತದಲ್ಲಿ 120 ನಿಮಿಷ ಆಡಿ ನಮ್ಮವರ ಕಾಲಿನಿಂದ ಒಂದೂ ಗೋಲು ಬರಲಿಲ್ಲ. ನಮ್ಮ ಹೆಸರಿನಲ್ಲಿದ್ದ ಒಂದು ಗೋಲು ಎದುರಾಳಿ ಕೊಟ್ಟದ್ದು. ಪೆನಾಲ್ಟಿ ಆಟವನ್ನು ಸಮ ಮಾಡಿತು ಅಷ್ಟೇ, ಅದಾದ ಮೇಲೂ ಮುಕ್ಕಾಲು ಗಂಟೆಯ ಆಟ ಬಾಕಿಯಿತ್ತು. ಮುಂಚೂಣಿಯಲ್ಲಿ ಆಡಿದವರ ಹೆಸರನ್ನು ಆ ರಾತ್ರಿ ನಾವು ಎಷ್ಟು ಸಲ ಎತ್ತಿದೆವು?

ನಾನು ಇಷ್ಟು ಹಟ ಹಿಡಿದು ಬರೆಯುವುದಕ್ಕೆ ಬೇರೆಯೇ ಕಾರಣವಿದೆ. ಇಪ್ಪತ್ತು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಒಂದು ಪಂದ್ಯ ಆಡಲು ನಾವು ತೀರ್ಥಹಳ್ಳಿಯಿಂದ ಬಂದಿದ್ದೆವು. ಜುಲೈ ಮಳೆ. ಮೈದಾನ ಕೆಂಪು ರಾಡಿ, ನೀರು ಕುಡಿದ ಚೆಂಡು ಕಲ್ಲಿನ ಹಾಗೆ. ಕೊನೆಯ ಐದು ನಿಮಿಷದಲ್ಲಿ ಒಂದು ಸಾಧಾರಣ ಹೊಡೆತ ನಮ್ಮ ಗೋಲ್‌ಕೀಪರ್‌ನ ಕೈಯಿಂದ ಜಾರಿ ಗೆರೆ ದಾಟಿತು. ಸೋತೆವು. ವಾಪಸ್ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಗಾಜನೂರು ಹೋಯಿತು, ಮಂಡಗದ್ದೆ ಬಂತು, ಹೊಳೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು, ಯಾರೂ ಮಾತನಾಡಲಿಲ್ಲ. ಅದನ್ನು ದಾಟಿದ ಮೇಲೆ ಒಬ್ಬ ಬಾಯಿ ಬಿಟ್ಟ, ಆಮೇಲೆ ಎಲ್ಲರೂ. ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಕೇಳಿಸಿಕೊಂಡ. ಮರುವಾರ ಅಭ್ಯಾಸಕ್ಕೆ ಬರಲಿಲ್ಲ, ಮತ್ತೆ ಎಂದೂ ಬರಲಿಲ್ಲ.

ಆ ಹೊಡೆತ ಹೊಡೆದವನನ್ನು ಕಾಯಬೇಕಾಗಿದ್ದವನು ನಾನು. ಕೆಸರಿನಲ್ಲಿ ಎರಡು ಹೆಜ್ಜೆ ಹಿಂದೆ ಬಿದ್ದಿದ್ದೆ. ಅದನ್ನು ಯಾರೂ ನೋಡಿರಲಿಲ್ಲ, ನಾನೂ ಹೇಳಲಿಲ್ಲ.

1950ರ ವಿಶ್ವಕಪ್‌ನ ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆ ಎದುರು 2-1ರಿಂದ ಸೋತ ಬ್ರೆಜಿಲ್‌ನ ಗೋಲ್‌ಕೀಪರ್ ಬಾರ್ಬೋಸಾ, 2000ರಲ್ಲಿ ಸಾಯುವವರೆಗೂ ಆ ಸೋಲನ್ನು ಹೊತ್ತುಕೊಂಡೇ ಬದುಕಿದರು. ಅವರ ಕಥೆ ಓದಿದಾಗಲೆಲ್ಲ ನನಗೆ ಆ ಬಸ್ಸಿನ ಕಿಟಕಿ ನೆನಪಾಗುತ್ತದೆ.

ಚಿಂಗ್ಲೆನ್‌ಸನಾ ಯಾರೆಂದು ಬೈಯುವವರಲ್ಲಿ ಎಷ್ಟು ಜನರಿಗೆ ಗೊತ್ತು? ಮಣಿಪುರದ ಚುರಾಚಾಂದ್‌ಪುರದವರು. 2023ರ ಮೇ 3ರಂದು, ಆಗ ಆಡುತ್ತಿದ್ದ ಹೈದರಾಬಾದ್ ಪರವಾಗಿ ಕೋಝಿಕ್ಕೋಡಿನಲ್ಲಿ ಪಂದ್ಯ ಮುಗಿಸಿ ಬಂದು ಫೋನ್ ನೋಡಿದರೆ ಊರಿನಿಂದ ಸಾಲು ಸಾಲು ಕರೆ. ಅಂದು ಮಣಿಪುರದಲ್ಲಿ ಭುಗಿಲೆದ್ದ ಹಿಂಸಾಚಾರದಲ್ಲಿ ಅವರ ಮನೆ ಸುಟ್ಟುಹೋಯಿತು, ಊರಿನ ಹುಡುಗರಿಗಾಗಿ ಕಟ್ಟಿಸಿದ್ದ ಫುಟ್‌ಬಾಲ್ ಅಂಗಣವೂ ಸುಟ್ಟಿತು. ಕನಿಕರ ತೋರಿಸಿ ಎಂದು ಇದನ್ನು ಹೇಳುತ್ತಿಲ್ಲ. ಕೈಗೆ ಚೆಂಡು ತಾಗಿದ್ದು ತಪ್ಪೇ, ಆ ತಪ್ಪಿಗೆ ಪೆನಾಲ್ಟಿ ಎಂಬ ಶಿಕ್ಷೆ ಅಲ್ಲೇ ಆಗಿದೆ. ಅದರ ಮೇಲೆ ಬಡ್ಡಿ ವಸೂಲು ಮಾಡಲು ನಾವು ಯಾರು ಎಂದು ಕೇಳುತ್ತಿದ್ದೇನೆ.

ಫೈನಲ್ ಆಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ, ಲೀಗ್ ನಡೆಯುವುದೇ ಅನಿಶ್ಚಿತವಾಗಿ ಆಗಸ್ಟಿನಲ್ಲಿ ಕ್ಲಬ್ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಲೀಗ್ ನಡೆಸಲು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮತ್ತು ಸಂಘಟಕರ ನಡುವೆ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿ. ಸಂಬಳದ ಸುದ್ದಿ ಬಂದ ದಿನ ನಮ್ಮ ಗುಂಪಿನಲ್ಲಿ ಎರಡು ಸಂದೇಶ ಬಂದವು. ಹ್ಯಾಂಡ್‌ಬಾಲ್ ರಾತ್ರಿ ಇನ್ನೂರು ದಾಟಿದ್ದವು.

ಭಾನುವಾರ ಸಂಜೆ ಎಲ್ಲರೂ ನಮ್ಮ ಮನೆಗೆ ಬನ್ನಿ. ಆ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಕೂತು ಇನ್ನೊಮ್ಮೆ ನೋಡೋಣ. ನಮ್ಮ ಹಳೆಯ ಗೋಲ್‌ಕೀಪರ್‌ಗೂ ನಿನ್ನೆ ಫೋನ್ ಮಾಡಿದ್ದೆ. ಆ ಎರಡು ಹೆಜ್ಜೆಯ ವಿಷಯವನ್ನು ಮೊದಲು ಹೇಳಿ, ಆಮೇಲೆ ಕರೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಪಂದ್ಯ ಎಷ್ಟು ಗಂಟೆಗೆ ಹಾಕುತ್ತೀರಿ ಎಂದು ಕೇಳಿದ.