ಎಡಗಡೆ ಸ್ವಲ್ಪ ಕತ್ತರಿಸಿ

ಕಳೆದ ಭಾನುವಾರ, ನಾನು ಕಷ್ಟಪಟ್ಟು ತೆಗೆದಿದ್ದ ಒಂದು ಇಡೀ ಕೊಕ್ಕರೆ ನನ್ನ ಕಣ್ಣೆದುರಿಗೇ ಬರಿಯ ಕೊಕ್ಕಾಗಿ ಉಳಿಯಿತು. ಇದನ್ನು ಬರೆಯುವ ಹೊತ್ತಿಗೂ ಆ ಸಿಟ್ಟು ಆರಿಲ್ಲ.

ಮೈಸೂರಿನ ನಾವು ಆರೇಳು ಮಂದಿ ಹವ್ಯಾಸಿ ಛಾಯಾಗ್ರಾಹಕರು ತಿಂಗಳಿಗೆರಡು ಭಾನುವಾರ ಒಬ್ಬರ ಮನೆಯ ಮಹಡಿಯಲ್ಲಿ ಸೇರಿ, ತೆಗೆದ ಚಿತ್ರಗಳ ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿ ಪರಸ್ಪರ ತಪ್ಪು ಹುಡುಕುತ್ತೇವೆ. ಮನೆಯಲ್ಲಿ ಸಿಗುವ ವಿಮರ್ಶೆಯಿಂದ ನಾನು ಉದ್ಧಾರವಾಗುವಂತಿರಲಿಲ್ಲ. ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಾ, ಚಿತ್ರದತ್ತ ತಿರುಗದೆಯೇ "ಚೆನ್ನಾಗಿದೆ" ಎನ್ನುತ್ತಾಳೆ. ಅಮ್ಮ ಯಾವ ಚಿತ್ರ ಕೊಟ್ಟರೂ ಅದರಲ್ಲಿ ತಾನಿದ್ದೇನೆಯೇ ಎಂದು ಮೊದಲು ಹುಡುಕಿ, ಇದ್ದರೆ "ಕಪ್ಪಗೆ ಬಂದಿದ್ದೀನಿ" ಎಂದೂ, ಇಲ್ಲದಿದ್ದರೆ "ಅದೇ ಹಕ್ಕೀನ ಎಷ್ಟು ಸಲ ತೆಗೀತೀಯೋ" ಎಂದೂ ತೀರ್ಪು ಕೊಡುತ್ತಾರೆ. ಇನ್ನು ನೆಂಟರ ವಾಟ್ಸಾಪ್ ಗುಂಪಿನಲ್ಲಿ ನನ್ನ ಬೆಳ್ಳಕ್ಕಿಗೆ ಬರುವುದು ಕೈಮುಗಿದ ಚಿಹ್ನೆ. ಯಾರದೋ ವೈಕುಂಠ ಸಮಾರಾಧನೆಯ ಆಹ್ವಾನಕ್ಕೂ ಅದೇ ಚಿಹ್ನೆ.

ಹೀಗಾಗಿ ನಾನು ಮಹಡಿ ಹತ್ತಿದೆ, ಹತ್ತಿ ಕತ್ತರಿ ಮೇಷ್ಟ್ರ ಕೈಗೆ ಸಿಕ್ಕಿದೆ. ಈ ಹೆಸರು ನಾನು ಮನಸ್ಸಿನಲ್ಲೇ ಇಟ್ಟಿದ್ದು. ನಿವೃತ್ತ ಅಧ್ಯಾಪಕರಾದ ಅವರು, ಹಳೆಯ ಮದುವೆ ಪತ್ರಿಕೆಯೊಂದನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತುಂಡು ಮಾಡಿ ಸದಾ ಅಂಗಿಯ ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಎರಡನ್ನೂ ಚಿತ್ರದ ಮೇಲೆ ಎದುರುಬದುರು ಇಟ್ಟು ಸರಿಸಿದರೆ ಬೇಕಾದ ಅಳತೆಯ ಚೌಕಟ್ಟು ಸಿಗುತ್ತದೆ. ಬೇಡದ ಭಾಗ ಪತ್ರಿಕೆಯಡಿ ಮರೆಯಾಗುತ್ತದೆ. ಫಿಲಂ ಕಾಲದಿಂದ ಬಂದ ಒಳ್ಳೆಯ ಉಪಾಯವೇ ಅದು. ಒಂದು ತುಂಡಿನ ಮೇಲೆ ಅರ್ಧ ಗಣಪತಿ ಇನ್ನೂ ಉಳಿದಿದ್ದಾನೆ. ನನ್ನ ಚಿತ್ರಗಳ ಮಟ್ಟಿಗೆ ಎಲ್ಲ ವಿಘ್ನಗಳೂ ಆ ಕಡೆಯಿಂದಲೇ ಬರುತ್ತವೆ.

ಅಂದು ನಾನು ಒಯ್ದಿದ್ದು ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಬಣ್ಣದ ಕೊಕ್ಕರೆ. ಗೂಡಿಗೆಂದು ಕಡ್ಡಿ ಕಚ್ಚಿಕೊಂಡು, ರೆಕ್ಕೆ ಬಿಚ್ಚಿ, ಕಾಲು ಚಾಚಿ ಬಂಡೆಯ ಮೇಲಿನ ಮರಕ್ಕೆ ಇಳಿಯುತ್ತಿರುವ ಕೊಕ್ಕರೆ. ಮೇಷ್ಟ್ರು ಜೇಬಿಗೆ ಕೈಹಾಕಿದರು.

"ಎಡಗಡೆ ಸ್ವಲ್ಪ ಕತ್ತರಿಸಿ, ಇವರೇ. ಅಲ್ಲೇನೂ ನಡೀತಾ ಇಲ್ಲ." (ಆರು ತಿಂಗಳಾದರೂ ಅವರಿಗೆ ನಾನು ಇನ್ನೂ "ಇವರೇ".) ಎಡಗಡೆ ಕಾವೇರಿ ಹರಿಯುತ್ತಿತ್ತು. ಕಾವೇರಿ ಹೋಯಿತು.

"ಈಗ ನೋಡಿ, ಬಲಗಡೆ ಭಾರವಾಯಿತು." ಬಂಡೆ, ಮರ, ಗೂಡು ಮೂರೂ ಹೋದವು, ಕಡ್ಡಿ ಹಿಡಿದ ಕೊಕ್ಕರೆ ಹೋಗಿ ಇಳಿಯಬೇಕಾದ ಜಾಗವೇ ಇಲ್ಲವಾಯಿತು.

"ರೆಕ್ಕೆಯ ತುದಿ ತುಂಡಾಗಿದೆಯಲ್ಲ? ಅರ್ಧ ರೆಕ್ಕೆ ಇರಬಾರದು, ಪೂರ್ತಿ ತೆಗೆದುಬಿಡಿ." ತುದಿಯನ್ನು ತುಂಡು ಮಾಡಿದ್ದು ಅವರದೇ ಪತ್ರಿಕೆ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ, ಗಮನವನ್ನು ಕೆಳಕ್ಕೆಳೆಯುತ್ತವೆಂಬ ಆರೋಪದ ಮೇಲೆ ಕಾಲುಗಳೂ ಗಣಪತಿಯ ಪಾದ ಸೇರಿದವು. ಕೊನೆಗೆ ಬೆಂಕಿಪೊಟ್ಟಣದಷ್ಟು ಕಿಂಡಿಯಲ್ಲಿ ಹಳದಿ ಕೊಕ್ಕೊಂದು ಕಡ್ಡಿ ಕಚ್ಚಿಕೊಂಡು ಉಳಿಯಿತು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಬಹಳ ಹೊತ್ತು ನೋಡಿ, ಖೇದದಿಂದ ಹೇಳಿದರು: "ಕೊಕ್ಕು ಶಾರ್ಪ್ ಇಲ್ಲವಲ್ಲ, ಇವರೇ."

ನನಗೆ ಉರಿದದ್ದು ಅವರು ಹಾಗೆಂದದ್ದಕ್ಕಲ್ಲ. ರಾತ್ರಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕೊಕ್ಕು ನಿಜವಾಗಿಯೂ ಶಾರ್ಪ್ ಇರಲಿಲ್ಲ. 300 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದರೆ, ಚಿತ್ರ ಮಸುಕಾಗದಿರಲು, ಶಟರ್ ಸೆಕೆಂಡಿನ 1/300ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂಬುದು ಹಳೆಯ ಲೆಕ್ಕ; ಹಾರುವ ಹಕ್ಕಿಗೆ 1/2000ರ ಆಸುಪಾಸು ಬೇಕು. ನಾನು ಅಲುಗಾಡುವ ದೋಣಿಯಲ್ಲಿ ಕುಳಿತು 1/250ರಲ್ಲಿ ತೆಗೆದಿದ್ದೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಆ ಜಾಗದಲ್ಲಿ ಹಕ್ಕಿಗಳು ಇಷ್ಟು ವರ್ಷ ಕಾದದ್ದು ನನ್ನ ಕೈನಡುಕಕ್ಕಾಗಿ ಅಲ್ಲವೆಂದು ನನಗೂ ಗೊತ್ತು.

ಅಂದಿನಿಂದ ಸ್ವಾಧ್ಯಾಯ ಆರಂಭವಾಗಿದೆ. ದೋಣಿಗೆ ಪ್ರತಿಸಲ ದುಡ್ಡು ತೆರಲಾರದೆ ಮನೆಯ ತಿಂಡಿಯ ಮೇಲೆ ಪ್ರಯೋಗ ನಡೆಸುತ್ತಿದ್ದೇನೆ. ಬಿಳಿಯ ತಟ್ಟೆಯಲ್ಲಿ ಮಲ್ಲಿಗೆಯಂಥ ಇಡ್ಲಿಯಿಟ್ಟು ತೆಗೆದರೆ ಅದು ರಾಗಿ ಬೆರೆಸಿದಂತೆ ಬಂತು. ಏಕೆಂದರೆ ಕ್ಯಾಮೆರಾದೊಳಗಿನ, ಬೆಳಕು ಅಳೆಯುವ ಮೀಟರು ಲೋಕದಲ್ಲಿರುವುದೆಲ್ಲ, ಸುಮಾರು ಶೇಕಡಾ 18ರಷ್ಟು ಬೆಳಕನ್ನು ಮರಳಿಸುವ ನಡುಬೂದು ಎಂದೇ ನಂಬಿರುತ್ತದೆ. ಇಡ್ಲಿಯನ್ನೂ ಎಮ್ಮೆಯನ್ನೂ ಅದು ಒಂದೇ ಬಣ್ಣಕ್ಕೆ ಎಳೆಯುತ್ತದೆ. ಇಡ್ಲಿಗೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಬೆಳಕು ಹೆಚ್ಚಿಸಬೇಕೆಂದು ಕಂಡುಹಿಡಿಯುವಷ್ಟರಲ್ಲಿ ಇಡ್ಲಿ ಆರಿತ್ತು. "ಆರಿದ್ದನ್ನ ನೀವೇ ತಿನ್ನಿ" ಎಂದು ಹೆಂಡತಿ ಮೊದಲ ಬಾರಿಗೆ "ಚೆನ್ನಾಗಿದೆ"ಗಿಂತ ಉದ್ದದ ಅಭಿಪ್ರಾಯ ಕೊಟ್ಟಳು.

ಮೊನ್ನೆ ಗೃಹಪ್ರವೇಶದ ಪತ್ರಿಕೆಯೊಂದನ್ನು ಕತ್ತರಿಸಿ ನಾನೂ ಎರಡು ಎಲ್ ಮಾಡಿಕೊಂಡೆ. ಮನೆಯಲ್ಲಿ ಸಿಕ್ಕಿದ ಚಿತ್ರಗಳ ಮೇಲೆಲ್ಲ ಸರಿಸುತ್ತಾ ಹೋದಂತೆ, ಅಪ್ಪ ಅಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದ ಹಳೆಯದೊಂದು ಕೈಗೆ ಬಂತು. ಒಂದು ರೋಲಿಗೆ ಹನ್ನೆರಡೇ ಚಿತ್ರಗಳಾದ್ದರಿಂದ ಅಪ್ಪ ಹನ್ನೆರಡು ಸಲ ಯೋಚಿಸಿ ಒತ್ತುತ್ತಿದ್ದರು. ಹಿತ್ತಲಲ್ಲಿ ಅಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಸೂರ್ಯ ಬೆನ್ನ ಹಿಂದಿರಬೇಕೆಂಬುದು ಆಗಿನ ಕಟ್ಟಪ್ಪಣೆಯಾಗಿದ್ದರಿಂದ, ಎಡಗಡೆ ಕೆಳಗೆ, ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು ನಿಂತ ಅಪ್ಪನ ನೆರಳು ಬಿದ್ದಿದೆ. ಆ ರೋಲಿನಲ್ಲಿ ಅಪ್ಪ ಇರುವುದು ಅಷ್ಟೇ. ಪತ್ರಿಕೆಯ ತುಂಡು ಎಡ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು. ಅಮ್ಮನಿಗೆ ತೋರಿಸಿದೆ, ಕಪ್ಪಗೆ ಬಂದಿದ್ದೀನಿ ಎಂದು ಅವರು ಅನ್ನಲಿಲ್ಲ.

ಆ ಚಿತ್ರವನ್ನು ಮಹಡಿಗೆ ಒಯ್ಯುವುದಿಲ್ಲ. ಮುಂದಿನ ಭಾನುವಾರಕ್ಕೆ 1/2000ರಲ್ಲಿ ತೆಗೆದ ಬೇರೊಂದು ಕೊಕ್ಕರೆಯನ್ನು ಆರಿಸಿಟ್ಟಿದ್ದೇನೆ. ಕೊಕ್ಕು ಶಾರ್ಪ್ ಇದೆ. ಮೂರು ಸಲ ನೋಡಿದ್ದೇನೆ. ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿಗೆಂದೇ ಬೆಲೆ ಏರಿಸಿ ಹೇಳುವವರಂತೆ, ಎಡಗಡೆ ಮೇಷ್ಟ್ರಿಗಾಗಿ ನಾಲ್ಕು ಬೆರಳು ಬರಿಯ ನೀರು ಹೆಚ್ಚಿಗೆ ಬಿಟ್ಟಿದ್ದೇನೆ.