ನಾಲ್ಕೂ ಕಡೆ ಜಾಲರಿ ನಮ್ಮೂರಿಗೆ ಆಗಲ್ಲ
ಕೋಳಿಗೂಡು ಕಟ್ಟುವ ಬಗ್ಗೆ ನಿಮ್ಮ ಲೇಖನದಲ್ಲಿ, ಗೂಡಿಗೆ ನಾಲ್ಕೂ ಕಡೆ ಜಾಲರಿ ಹೊಡೆದರೆ ಗಾಳಿ, ಬೆಳಕು ಎರಡೂ ಸಿಗುತ್ತದೆ ಅಂತ ಬರೆದಿದ್ದೀರಿ. ಚಿತ್ರದುರ್ಗದಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಗಾಳಿ ಜೋರು; ಜೋಗಿಮಟ್ಟಿ ಬೆಟ್ಟದ ಕಡೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆಷಾಢದಲ್ಲಿ ನಮ್ಮ ಕೋಳಿಗಳು ರಾತ್ರಿಯಿಡೀ ಪುಕ್ಕ ಉಬ್ಬಿಸಿಕೊಂಡು ಒಂದೇ ಮೂಲೆಯಲ್ಲಿ ಒತ್ತಿಕೊಂಡು ಕೂರುತ್ತಿದ್ದವು. ಗಾಳಿ ತಡೆಯಲೆಂದು ನಾನೇ ಸುತ್ತ ಗೊಬ್ಬರದ ಚೀಲ ಕಟ್ಟಿದೆ. ಆಗ ಗಾಳಿಯಾಡದೆ, ಬೆಳಿಗ್ಗೆ ಬಾಗಿಲು ತೆಗೆದರೆ ಹಿಕ್ಕೆಯ ಘಾಟಿಗೆ ಕಣ್ಣುರಿ! ಕೊನೆಗೆ ಪಶ್ಚಿಮಕ್ಕೆ ಗೋಡೆ ಎಬ್ಬಿಸಿ, ಉಳಿದ ಕಡೆ ಚಾವಣಿ ಶೀಟಿನ ಕೆಳಗೆ, ಕೋಳಿ ಕೂರುವ ಕೋಲಿಗಿಂತ ಮೇಲೆ, ಗೇಣಗಲ ಸಂದಿ ಬಿಟ್ಟು ಆ ಸಂದಿಗೆ ಮಾತ್ರ ಜಾಲರಿ ಹೊಡೆದೆ. ಬಿಸಿಗಾಳಿ, ಘಾಟು ಮೇಲಿಂದಲೇ ಹೋಗುತ್ತದೆ, ಕೋಳಿ ಮೈಗೆ ಗಾಳಿ ಬಡಿಯುವುದಿಲ್ಲ. ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕಿರಲಿ ಅಂದಿದ್ದು ಮಾತ್ರ ಸರಿ. ಮೊಟ್ಟೆ ಚೆನ್ನಾಗಿ ಬರಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ಚಳಿಗಾಲದಲ್ಲಿ ಬಲ್ಬು ಹಾಕಿ ಅಂತ ಒಂದು ಸಾಲು ಸೇರಿಸಬಹುದಿತ್ತು.